ತುಟಿ ಹಚ್ಚಿಸಿದವಳು

ಆಕೆಯ ಬಲಗೈ ಹೆಬ್ಬೆರಳಿಗೆ ಉಗುರಿರಲಿಲ್ಲ. ಉಗುರಿರಬೇಕಾದ ಜಾಗ ಹುರಿದ ಹುಣಿಸೆಬೀಜದ ಹಾಗೆ ಕಪ್ಪಗೆ ಹೊಳೆಯುತ್ತಿತ್ತು. ಕಟ್ಟಡದ ಕೆಲಸ ಮಾಡುತ್ತಿದ್ದಾಗ ಒಂದು ಕಲ್ಲು ಅದನ್ನು ತೆಗೆದುಕೊಂಡಿತ್ತಂತೆ. ಆ ಬೆರಳಿನಲ್ಲೇ ಆಕೆ ಔಷಧಿ ಅಳೆಯುವ ಪುಟಾಣಿ ಪ್ಲಾಸ್ಟಿಕ್ ಲೋಟವನ್ನು ಹಿಡಿದು, ನನ್ನ ಮೂಗಿನ ಕೆಳಗೆ ತಂದು, "ಹೂಂ, ಕುಡೀರಿ" ಅನ್ನುತ್ತಿದ್ದಳು. ಪೊಲೀಸರು "ಹೂಂ, ಬಾಯಿ ಬಿಡು" ಅನ್ನುವ ಧಾಟಿ ಅದು.

ಆಕೆ ಯಾದಗಿರಿ ಕಡೆಯವಳು, ಹೈದರಾಬಾದಿನ ಹಿಮಾಯತ್‌ನಗರದ ಒಂದು ನರ್ಸಿಂಗ್ ಹೋಮಿನಲ್ಲಿ ಆಯಾ. ನಾನು ತುಮಕೂರು ಕಡೆಯಿಂದ ಬಂದು, ರಕ್ಷಣಾ ಇಲಾಖೆಯ ಕಾರ್ಖಾನೆಯೊಂದರಲ್ಲಿ ಇಪ್ಪತ್ತೇಳು ವರ್ಷ ಕರಡು ಪತ್ರ ಬರೆಯುತ್ತ ಕೂತಲ್ಲೇ ಕೂತು, ಸರ್ಕಾರದ ಮೂರು ಕುರ್ಚಿಗಳನ್ನು ಮುರಿದವನು. ಹೈದರಾಬಾದಿಗೆ ಸಾಫ್ಟ್‌ವೇರ್ ಬಂದ ಹಿಂದೆಯೇ ಹೊಟ್ಟೆ ಕತ್ತರಿಸಿ ತೂಕ ಇಳಿಸುವ ಡಾಕ್ಟರರೂ ಬಂದರು. ಸಕ್ಕರೆ ಕಾಯಿಲೆ, ಬಿ.ಪಿ., ಮಂಡಿನೋವು ಮೂವರೂ ಸೇರಿ ನನ್ನನ್ನು ಅವರ ಮುಂದೆ ಹಾಜರುಪಡಿಸಿದರು. ಅವರು ನನ್ನ ಜಠರವನ್ನು ಬಾಳೆಕಾಯಿಯಷ್ಟಕ್ಕೆ ಇಳಿಸಿ, ಹೊಲಿದು, "ಇನ್ನು ನೀರು, ಗಂಜಿಯ ತಿಳಿ, ಬೇಳೆಕಟ್ಟು. ಗುಟುಕು ಗುಟುಕಾಗಿ ಮಾತ್ರ" ಎಂದರು.

ಗುಟುಕು ಅಂದರೆ ನನಗೆ ಗೊತ್ತಿತ್ತು, ಅಥವಾ ಗೊತ್ತಿದೆ ಎಂದುಕೊಂಡಿದ್ದೆ. ನಮ್ಮ ಮನೆತನದಲ್ಲಿ ಲೋಟಕ್ಕೆ ತುಟಿ ತಾಗಿಸಿದವರಿಲ್ಲ. ಎಂಜಲಾಗಬಾರದು, ನಾಲ್ಕು ಬೆರಳು ಮೇಲಿಂದ ಎತ್ತಿ ಹುಯ್ದುಕೊಳ್ಳಬೇಕು. ಆ ಪುಟಾಣಿ ಲೋಟವನ್ನೂ ನಾನು ಹಾಗೆಯೇ ಎತ್ತಿದೆ. ಎದೆಯ ನಡುವೆ ಒನಕೆ ನಿಂತ ಹಾಗಾಯಿತು. ನೊರೆ ನೊರೆಯಾಗಿ ಎಲ್ಲ ಹೊರಗೆ ಬಂತು. ಮೂರು ದಿನ ಇದೇ ಕಥೆ. ನಾಲಿಗೆ ಒಣಗಿತು, ಮೂತ್ರ ಚಹಾದ ಬಣ್ಣಕ್ಕೆ ತಿರುಗಿತು. ಒಳಗೆ ದಾರಿಯೇ ಕಟ್ಟಿರಬಹುದೆಂದು ಡಾಕ್ಟರಿಗೆ ಅನುಮಾನ. ನಾಲ್ಕನೆಯ ಬೆಳಿಗ್ಗೆ ತೀರ್ಪು ಹೊರಬಿತ್ತು: "ಸಂಜೆಯೊಳಗೆ ಮುಕ್ಕಾಲು ಲೀಟರ್ ಒಳಗೆ ನಿಲ್ಲಬೇಕು. ಇಲ್ಲದಿದ್ದರೆ ನಾಳೆ ಮತ್ತೆ ಹೊಟ್ಟೆ ತೆರೆಯಬೇಕಾಗುತ್ತದೆ."

ನನ್ನ ಹೆಂಡತಿ ಮೂರು ದಿನವೂ ಪಕ್ಕದಲ್ಲೇ ಕೂತು ನೋಡಿದ್ದಳು. ಅವಳಿಗೆ ಏನೂ ಕಾಣಲಿಲ್ಲ, ಅವಳೂ ಎತ್ತಿಯೇ ಕುಡಿಯುವವಳು. ಕಂಡದ್ದು ಆಯಾಗೆ.

"ಅಯ್ಯ, ಇದೇನ್ರಿ ಸಾಹೇಬ್ರ! ಹೊಟ್ಟಿ ಹೊಲದಾರ, ನೀವು ನೋಡಿದ್ರ ಲಿಂಗದ ಮ್ಯಾಲ ನೀರು ಬಿಟ್ಟಾಂಗ ಬಿಡಾಕತ್ತೀರಿ! ನೀರಿನ ಜೋಡಿ ಗಾಳಿನೂ ನುಂಗಾಕತ್ತೀರಿ. ಅದ ಒಳಗ ಒದ್ಯಾಕತ್ತೈತಿ. ತುಟಿ ಹಚ್ಚಿ ಕುಡೀರಿ."

"ತುಟಿ ಹಚ್ಚೋ ಅಭ್ಯಾಸ ನಮ್ಮಲ್ಲಿಲ್ಲ" ಎಂದೆ, ಮಠಾಧಿಪತಿಯ ಗಾಂಭೀರ್ಯದಲ್ಲಿ. ಅಲ್ಲಿಗೆ ನಿಲ್ಲಿಸಬಹುದಿತ್ತು. "ಅದರಲ್ಲೂ ನೀನು ಮುಟ್ಟಿದ ಲೋಟಕ್ಕೆ" ಎಂದೂ ಸೇರಿಸಿದೆ.

ಆಕೆ ಲೋಟವನ್ನು ಮೇಜಿನ ಮೇಲಿಟ್ಟಳು. ದನಿ ಏರಿಸಲಿಲ್ಲ. ಆದರೆ ವಾರ್ಡಿಗೆಲ್ಲ ಕೇಳಿಸಿತು.

"ಮೂರು ದಿನದಿಂದ ನಿಮ್ಮ ಉಚ್ಚಿ ಡಬ್ಬಿ ನಾನ ತೊಳ್ಯಾಕತ್ತೀನಿ. ಅದನ್ನ ಹಿಡಕೊಳ್ಳಾಗ ಮೈಲಿಗಿ ಆಗ್ಲಿಲ್ಲೇನ್ರಿ? ಸಾಯೂದಿದ್ರ ಸಾಯ್ರಿ. ಎತ್ತೂ ಮಂದಿಗೆ ಭಾಳ ತ್ರಾಸ ಆಕ್ಕೈತಿ, ನಾಕು ಮಂದಿ ಸಾಲಂಗಿಲ್ಲ."

ಪಕ್ಕದ ಹಾಸಿಗೆಯಲ್ಲಿ ಕಾಲು ಮುರಿದುಕೊಂಡು ಮಲಗಿದ್ದ ಸಾಫ್ಟ್‌ವೇರ್ ಹುಡುಗನಿಗೆ ಕನ್ನಡ ಬರುತ್ತಿರಲಿಲ್ಲ. ಅವನೂ ನಕ್ಕ. ನಗುವುದಕ್ಕೆ ನನ್ನ ಮುಖವೇ ಸಾಕಿತ್ತು.

ಕಾಗದ ತರಿಸಿದೆ. ನೀರು ನುಂಗಲಾಗದ ಸ್ಥಿತಿಯಲ್ಲೂ ಇಂಗ್ಲಿಷ್ ಕರಡು ಸರಾಗವಾಗಿ ಹರಿಯಿತು. 'ರೋಗಿಯ ಘನತೆಗೆ ಧಕ್ಕೆ', 'ಅಸಭ್ಯ ಭಾಷೆ', 'ಸೂಕ್ತ ಕ್ರಮಕ್ಕಾಗಿ ಕೋರಿಕೆ'. ಕಾಗುಣಿತದ ಒಂದು ತಪ್ಪಿಲ್ಲ. ಹೆಂಡತಿ ಅದನ್ನು ಒಯ್ದು ಮ್ಯಾನೇಜರಿಗೆ ಕೊಟ್ಟು, ಹಾಗೆಯೇ ಮನೆಗೆ ಸ್ನಾನಕ್ಕೆ ಹೋದಳು.

ಅವಳು ಹೋದ ಮೇಲೆ ಆಯಾ ಬಂದಳು. ಕಂಕುಳಲ್ಲಿ ಒಗೆದ ದಿಂಬಿನ ಚೀಲಗಳ ಗಂಟು. ಹಾಸಿಗೆಯ ಸುತ್ತ ಪರದೆ ಎಳೆದಳು.

"ಈಗ ಯಾರೂ ನೋಡಂಗಿಲ್ಲ, ನಿಮ್ಮ ದೇವರೂ ನೋಡಂಗಿಲ್ಲ. ಹಚ್ರಿ ತುಟಿ."

ಹಚ್ಚಿದೆ. ಉಗುರುಬೆಚ್ಚಗಿನ ನೀರು. ಬರೀ ತುಟಿ ಒದ್ದೆಯಾಗುವಷ್ಟು. ನುಂಗಿದೆ. ಒನಕೆಗಾಗಿ ಕಾದೆ. ಬರಲಿಲ್ಲ.

ಮೂರು ದಿನದ ಬಾಯಾರಿಕೆ ಒಮ್ಮೆಲೇ ಎದ್ದು ಕೂತಿತು. ಲೋಟಕ್ಕೆ ಕೈ ಹಾಕಿದರೆ ಆಕೆ ಹಿಂದಕ್ಕೆಳೆದುಕೊಂಡಳು. "ತಡೀರಿ. ನೀರೇನು ಓಡಿ ಹೋಗಂಗಿಲ್ಲ." ಒಂದು ದಿಂಬಿನ ಚೀಲ ಕೊಡವಿ, ನಾಲ್ಕು ಮೂಲೆ ಸೇರಿಸಿ, ಮಡಚಿಟ್ಟಳು. ಆಮೇಲೆ ಇನ್ನೊಂದು ಗುಟುಕು. ಮತ್ತೊಂದು ಚೀಲ. "ಇನ್ನೊಂದು ಗುಟುಕು ಕೊಡಮ್ಮಾ" ಎಂದು ಅಂಗಲಾಚಿದೆ. "ಈಗ ಅಮ್ಮಾ ಆದೆನೇನ್ರಿ?" ಎಂದು ನಿಧಾನಕ್ಕೆ ಇನ್ನೊಂದು ಚೀಲ ಕೈಗೆತ್ತಿಕೊಂಡಳು. ಎಲ್ಲವನ್ನೂ ಮಡಚಿ ಮುಗಿದಾಗ ಅಷ್ಟನ್ನೂ ಬಿಚ್ಚಿ, ಮತ್ತೆ ಮೊದಲಿನಿಂದ ಮಡಚತೊಡಗಿದಳು.

ಮಧ್ಯಾಹ್ನ ನನಗೆ ಕಾಗದದ ನೆನಪಾಯಿತು. ಹೇಳಿಬಿಡಬೇಕೆನ್ನಿಸಿತು. ಹೇಳಿದರೆ ನಗುತ್ತಾಳೆ, ನಾಳೆ ಸದ್ದಿಲ್ಲದೆ ವಾಪಸು ತೆಗೆದುಕೊಂಡರಾಯಿತು ಎಂದುಕೊಂಡು ಇನ್ನೊಂದು ಗುಟುಕು ನುಂಗಿದೆ. ಸಂಜೆಗೆ ಮುಕ್ಕಾಲು ಲೀಟರ್ ದಾಟಿತ್ತು. ಡಾಕ್ಟರು ತಮ್ಮ ಹೊಲಿಗೆಯನ್ನು ತಾವೇ ಹೊಗಳಿಕೊಂಡರು.

ಮರುದಿನ ಲೋಟ ಹಿಡಿದು ಬಂದದ್ದು ಬೇರೆ ಆಯಾ. ಹಳಬಳೆಲ್ಲಿ ಎಂದೆ. ನರ್ಸ್ ಸಂತೋಷದಿಂದ ಹೇಳಿದಳು, "ತೆಗೆದುಬಿಟ್ಟರು ಸಾರ್. ನಿಮ್ಮ ಲೆಟರ್ ಬಹಳ ಚೆನ್ನಾಗಿತ್ತಂತೆ." ಹೊಟ್ಟೆ ಹಿಡಿದುಕೊಂಡು ಮ್ಯಾನೇಜರನ ಬಳಿಗೆ ನಡೆದೆ. "ಬರವಣಿಗೆಯಲ್ಲಿ ಬಂದ ಮೇಲೆ ಮುಗಿಯಿತು ಸಾರ್, ನಿಮಗೆ ಗೊತ್ತಲ್ಲ" ಎಂದ. ಗೊತ್ತಿತ್ತು. ಈ ಮಾತನ್ನು ಎದುರಿಗೆ ನಿಂತವರಿಗೆ ಇಪ್ಪತ್ತೇಳು ವರ್ಷ ನಾನೇ ಹೇಳಿದ್ದೆ.

ಎಂಟು ತಿಂಗಳಾದ ಮೇಲೆ ಕೂಕಟ್‌ಪಲ್ಲಿಯಲ್ಲಿ ಎದ್ದೇಳುತ್ತಿದ್ದ ಒಂದು ಅಪಾರ್ಟ್‌ಮೆಂಟಿನ ಮುಂದೆ ಆಕೆ ಸಿಕ್ಕಳು. ತಲೆಯ ಮೇಲೆ ಜಲ್ಲಿ ತುಂಬಿದ ಬುಟ್ಟಿ. ನನ್ನ ಗುರುತು ಹತ್ತಲು ಹೊತ್ತು ಹಿಡಿಯಿತು.

"ಅಯ್ಯ! ಇನ್ನರ್ಧ ಸಾಹೇಬ್ರು ಎಲ್ಲಿ ಹೋದ್ರು?"

ಆ ಕಾಗದ ಬರೆದವನು ನಾನೇ ಎಂದೆ. ಬರೆದದ್ದು ತಪ್ಪಾಯಿತು ಎಂದೆ. ಕರಡಿಲ್ಲದೆ ಮಾತಾಡಿ ಅಭ್ಯಾಸವಿರಲಿಲ್ಲ, ತಡವರಿಸಿದೆ.

"ಗೊತ್ತೈತ್ರಿ. ಓದಿ ಹೇಳಿದ್ರು. ಸುಳ್ಳೇನ ಬರದಿದ್ದಿಲ್ಲ ಬಿಡ್ರಿ, ಬೈದಿದ್ದು ಖರೇನ." ಬುಟ್ಟಿಯನ್ನು ಇಳಿಸದೆಯೇ ನನ್ನನ್ನು ಮೇಲಿಂದ ಕೆಳಗೆ ನೋಡಿದಳು. "ನೀರು ಸುರಳೀತ ಇಳೀತೈತೇನ್ರಿ?"

"ಇಳಿಯುತ್ತೆ."

"ಹಂಗಾರ ದಾರಿ ಬಿಡ್ರಿ. ಮೇಸ್ತ್ರಿ ನೋಡಾಕತ್ತಾನ. ಇದೊಂದು ಕೆಲಸನಾದ್ರೂ ಇರ್ಲಿ."

ದಾರಿ ಬಿಟ್ಟೆ.