ಜೋಡಿ ಸಿಂಹಾಸನದ ಕಂಚಿನ ನಾಣ್ಯ

೧೯೯೭ರಲ್ಲಿ ಗಂಡ ತೀರಿಕೊಂಡ ಮೇಲೆ ಅನುಕಂಪದ ಆಧಾರದಲ್ಲಿ ನನಗೆ ಕೆಲಸ ಸಿಕ್ಕಿತು. ಮುನಿರಾಬಾದಿನ ಡ್ಯಾಮ್ ಕಾಲೊನಿಯಲ್ಲಿ ಒಂದು ಕ್ವಾರ್ಟರ್ಸೂ ಕೊಟ್ಟರು. ಮಕ್ಕಳಿರಲಿಲ್ಲ. ಸಂಜೆ ಬೀಗ ತೆಗೆದರೆ, ಬೆಳಿಗ್ಗೆ ಕುಡಿದಿಟ್ಟ ಚಹಾದ ಲೋಟ ಇಟ್ಟಲ್ಲೇ ಇರುತ್ತಿತ್ತು.

ಹಳೆಯ ನಾಣ್ಯ ಕೂಡಿಡುವುದು ಗಂಡನ ಹವ್ಯಾಸ. ಅವರು ಮುಂಬೈಯ ವ್ಯಾಪಾರಿಗೆ ಹೇಳಿಟ್ಟಿದ್ದ ಪೊಟ್ಟಣವೊಂದು ಅವರು ಹೋದ ಮೇಲೆ ಬಂತು. ಬೈಜಾಂಟೈನ್ ಸಾಮ್ರಾಜ್ಯದ ಮೊದಮೊದಲ ಕಾಲದ ಕಂಚಿನ ನಾಣ್ಯ. ಒಂದು ಬದಿಗೆ ದೊಡ್ಡದಾಗಿ ಇಂಗ್ಲಿಷಿನ ಎಮ್ಮಿನಂಥ ಅಕ್ಷರ; ಗ್ರೀಕ್ ಲಿಪಿಯಲ್ಲಿ ಅದು ನಲವತ್ತು ಎಂಬ ಬೆಲೆ. ನನಗೆ ಅದನ್ನು ವಾಪಸು ಕಳಿಸಲು ಮನಸ್ಸಾಗಲಿಲ್ಲ. ಮುಂದೆ ನಾನೇ ತರಿಸತೊಡಗಿದೆ.

ಕಚೇರಿಯ ಗೆಳತಿ ನೋಡಿ, "ಬಂಗಾರ ಅಲ್ಲ, ಬೆಳ್ಳಿ ಅಲ್ಲ, ಇದನ್ನ ಇಟಗೊಂಡು ಏನ್ ಮಾಡ್ತೀರಿ ಅಕ್ಕಾರ?" ಅಂದಳು. ಆಮೇಲೆ ಕಚೇರಿಯಲ್ಲಿ ಯಾರಿಗೂ ತೋರಿಸಲಿಲ್ಲ.

ಕುಷ್ಟಗಿಯಲ್ಲಿ ಇಂಥವನ್ನೇ ಕೊಳ್ಳುತ್ತಿದ್ದ ಹಿರಿಯರೊಬ್ಬರಿದ್ದಾರೆಂದು ಆ ವ್ಯಾಪಾರಿಯೇ ಫೋನಿನಲ್ಲಿ ಹೇಳಿದ. ಒಂದು ಭಾನುವಾರ ಬಸ್ಸು ಹತ್ತಿ ಹೋದೆ. ಹತ್ತಿ ವ್ಯಾಪಾರ ಬಿಟ್ಟು ಮನೆಯಲ್ಲಿದ್ದ ಅವರು ಗೋಡೆ ಸವರುತ್ತ ಬಂದು ಬಾಗಿಲು ತೆಗೆದರು. ಸಕ್ಕರೆ ಕಾಯಿಲೆಯಿಂದ ಎರಡೂ ಕಣ್ಣು ಹೋಗಿದ್ದವು.

ನಾನು ಒಯ್ದಿದ್ದ ಆ ಮೊದಲ ನಾಣ್ಯವನ್ನು ಹೆಬ್ಬೆರಳಿನಿಂದ ತಿಕ್ಕಿ ನೋಡಿ, "ಇದರ ಮ್ಯಾಲೆ ಚಿತ್ರ ಏನೈತಿ? ಪುಸ್ತಕದಾಗಿಂದು ಬ್ಯಾಡವ್ವಾ, ನಿನಗ ಕಂಡದ್ದು ಹೇಳು" ಅಂದರು.

"ರಾಜಾ ರಾಣಿ ಜೋಡಿಲೆ ಕುಂತಾರ್ರಿ, ಕಾಕಾರ. ಬ್ಯಾರೆ ಬ್ಯಾರೆ ಸಿಂಹಾಸನ. ಆದ್ರ ಭುಜಕ್ಕ ಭುಜ ಹತ್ತೈತಿ."

ಅವರು ನಾಣ್ಯವನ್ನು ಇನ್ನೊಮ್ಮೆ ಸವರಿ, "ನಮ್ಮಾಕಿ ಇದ್ದಾಗ ಹಿಂಗ ಹೇಳ್ತಿದ್ಲು. ಹೋಗಿ ಭಾಳ ದಿನಾ ಆತು" ಅಂದರು.

ಮುಂದೆ ಆಗಾಗ ಹೋಗುತ್ತಿದ್ದೆ. ಅವರ ಪೆಟ್ಟಿಗೆಯ ನಾಣ್ಯಗಳನ್ನು ಒಂದೊಂದಾಗಿ ಕೈಗಿಟ್ಟು, ಕಂಡದ್ದನ್ನು ಹೇಳುತ್ತಿದ್ದೆ. ಸವೆದ ಮುಖಗಳಿಗೆ ಅವರೇ ಮೂಗು, ಗಡ್ಡ ಕೂಡಿಸಿ ನಗುತ್ತಿದ್ದರು. ವಾರವೆಲ್ಲ ಮುಚ್ಚಿದ್ದ ನನ್ನ ಬಾಯಿ ಅಲ್ಲಿ ಬಿಚ್ಚುತ್ತಿತ್ತು.

ಒಂದು ಸಲ ಹೋದಾಗ ಮನೆಗೆ ಬೀಗ. "ಮಗಾ ಬಂದು ಸೊಲ್ಲಾಪುರಕ್ಕ ಕರಕೊಂಡು ಹೋಗ್ಯಾನ್ರಿ. ಪೆಟಗಿ ತೊಡಿ ಮ್ಯಾಲೇ ಇಟಗೊಂಡು ಕುಂತಿದ್ರು ಕಾರಿನ್ಯಾಗ" ಎಂದಳು ಪಕ್ಕದ ಮನೆಯಾಕೆ. ವಿಳಾಸ ಅವಳಿಗೂ ತಿಳಿದಿರಲಿಲ್ಲ.

ಅವರ ಕೈಗಿಟ್ಟು ಹೇಳಬೇಕೆಂದು ಹೊಸದಾಗಿ ತರಿಸಿದ್ದ ನಾಣ್ಯವೊಂದು ಬ್ಯಾಗಿನಲ್ಲಿತ್ತು. ಬಸ್‌ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲೆ ಅದನ್ನು ತೆಗೆದು ನೋಡಿದೆ. ಮುನಿರಾಬಾದಿನ ಮೇಲೆ ಹೋಗುವ ಹೊಸಪೇಟೆ ಬಸ್ಸು ಬಂತು. ಕಿಟಕಿಯ ಪಕ್ಕ ಸೀಟು ಸಿಕ್ಕಿತು. ಆಮೇಲೆ ನಾನು ನಾಣ್ಯ ತರಿಸಲಿಲ್ಲ.