ದೋಣಿಮನೆಯ ಹೊಸ್ತಿಲು

ನಮ್ಮ ಹೊಲದ ತುದಿಗೆ ಕೆರೆ. ಕೆರೆಯಾಚೆಗೂ ನಮ್ಮದೇ ಒಂದಿಷ್ಟು ಹುಲ್ಲುಗಾವಲು. ಏರಿಯ ಮೇಲೆ ಸುತ್ತಿಕೊಂಡು ಹೋದರೆ ಅರ್ಧ ದಿನ ಹಾಳು ಅಂತ ನರಸೀಪುರದ ಕಡೆಯಿಂದ ಒಂದು ಹಳೇ ಮರದ ದೋಣಿ ತರಿಸಿದ್ದೆ. ಎಮ್ಮೆಗಳಿಗೆ ಹುಲ್ಲು ಬರುತ್ತಿದ್ದುದು ಅದರಲ್ಲೇ. ಆದರೆ ಬಯಲಲ್ಲಿ ನಿಂತು ನಿಂತು ಅದರ ಹಲಗೆಗಳು ಬಿರಿದಿದ್ದವು. ಇನ್ನೊಂದು ಬೇಸಿಗೆ ತಡೆಯುವ ಹಾಗಿರಲಿಲ್ಲ. ದೋಣಿ ಹೋದರೆ ಅರ್ಧ ಕೊಟ್ಟಿಗೆ ಖಾಲಿ ಮಾಡಬೇಕಿತ್ತು. ಅದಕ್ಕೆ ನೀರಂಚಿನಲ್ಲೇ ಒಂದು ಮನೆ ಕಟ್ಟುತ್ತೇನೆ ಎಂದೆ. ಅತ್ತೆ ಸುಮ್ಮನಿರುವವರಲ್ಲ.

"ದನಕ್ಕೆ ಕೊಟ್ಟಿಗೆ ಕೇಳಿವ್ನಿ, ದೋಣಿಗೆ ಮನೆ ಕೇಳಿರ್ನಿಲ್ಲ ಕಣಮ್ಮಿ. ನಾನಂತೂ ಅದರೊಳಕ್ಕೆ ಕಾಲಿಡಲ್ಲ."

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ಮಾರನೇ ಬೆಳಿಗ್ಗೆ ಅಂಗಳದಲ್ಲಿ ರಂಗೋಲಿ ಬದಲು ಅದೇ ಪುಡಿಯಲ್ಲಿ ನಕ್ಷೆ ಬರೆದೆ. ನೀರಿನ ಕಡೆಗೆ ದೋಣಿ ನುಗ್ಗುವಷ್ಟು ಅಗಲದ ಬಾಗಿಲು, ದಡದ ಕಡೆಗೆ ನಮಗೊಂದು ಚಿಕ್ಕ ಬಾಗಿಲು. ಕಂಬಕ್ಕೆಂದು ಜಾಲಿ ದಿಮ್ಮಿಗಳನ್ನು ಕೆರೆಯ ಕೆಸರಲ್ಲೇ ಹೂತು ಹದ ಮಾಡಿದೆವು. ಹಾಗೆ ನೆನೆದ ಮರಕ್ಕೆ ಹುಳ ಬೀಳುವುದಿಲ್ಲ.

ನಮ್ಮಲ್ಲಿ ಯಾವ ಮನೆಗಾದರೂ ಮೊದಲು ಬಾಗಿಲು ನಿಲ್ಲಿಸಿ ಪೂಜೆ ಮಾಡಬೇಕು. ಆ ದಿನ ಅತ್ತೆ ತಾವಾಗಿಯೇ ಅರಿಸಿನ ಕುಂಕುಮ ಹಿಡಿದು ಬಂದರು. "ಒಸ್ಲಿಲ್ದೆ ಮನೆ ಅಂತಾರಾ?" ಎಂದರು. ಮೂಡಣಕ್ಕಿರುವುದು ನೀರಿನ ಬಾಗಿಲು. ಆಚಾರಿ ಅಲ್ಲೇ ದಪ್ಪನೆಯ ಹೊಸ್ತಿಲು ಕೂರಿಸಿದ. ಬಿರುಬೇಸಿಗೆ, ಕೆರೆ ದೂರ ಹಿಂದೆ ಸರಿದಿತ್ತು. ಒಣ ನೆಲದ ಮೇಲೆ ಹೂವು ಮುಡಿಸಿಕೊಂಡು ನಿಂತ ಆ ಬಾಗಿಲು ನೋಡಿ ಎಲ್ಲರೂ ಕೈ ಮುಗಿದೆವು. ದೋಣಿಯ ನೆನಪು ಒಬ್ಬರಿಗೂ ಬರಲಿಲ್ಲ.

ಹೆಂಚು ಹೊದಿಸಿ ಮುಗಿಸುವ ಹೊತ್ತಿಗೆ ಕೆರೆಗೆ ನೀರು ಬಂತು, ಹೊಸ್ತಿಲ ಅಂಚಿಗೆ ಬಂದು ನಿಂತಿತು. ಹುಟ್ಟು ಹಾಕುತ್ತಾ ಬಂದೆ. ದೋಣಿಯ ಮೂತಿ ಹೊಸ್ತಿಲಿಗೆ ದಢ್ಢೆಂದು ಬಡಿಯಿತು. ಆಚಾರಿ ಗರಗಸ ತೆಗೆದ.

"ಪೂಜೆ ಮಾಡಿದ ಒಸ್ಲಿಗೆ ಗರಗಸ ಆಕ್ತಿಯೇನ್ಲಾ?" ಎಂದರು ಅತ್ತೆ. ಅವನು ತೆಪ್ಪಗೆ ಕೆಳಗಿಟ್ಟ.

ಈ ವರ್ಷಕ್ಕೆ ದಡದಲ್ಲೇ ಕಟ್ಟು ಎಂದರು ನನ್ನ ಗಂಡ. ಬರುವ ಬೇಸಿಗೆಯ ಬಿಸಿಲಿಗೇ ಅಲ್ಲವೇ ನಾನು ಹೆದರಿದ್ದು? ಮೈಯೆಲ್ಲ ಉರಿಯಿತು. ದೋಣಿಯಲ್ಲೇ ಕೂತು ಯೋಚಿಸಿದೆ.

"ಅತ್ತೆ, ಹೊಸ್ತಿಲು ಕಾಲಿರೋರಿಗೆ. ದೋಣಿಗೆಲ್ಲಿ ಕಾಲು? ಕುಯ್ಯೋದು ಬೇಡ, ಬೆಣೆ ಬಿಡಿಸಿ ದಡದ ಬಾಗಿಲಿಗೆ ಇಡೋಣ, ಉದ್ದ ಹೆಚ್ಚಾದ್ರೆ ಎರಡು ಕಡೆಗೂ ಚಾಚಿಕೊಂಡಿರಲಿ. ನೀವೇ ಇನ್ನೊಂದ್ಸಲ ಪೂಜೆ ಮಾಡಿ."

"ಅದು ಪಡುವಣದ ಬಾಗ್ಲಲ್ವಾ?"

"ಪಡುವಣದಿಂದ ಬಂದ್ರೆ ಮೂಡಣಕ್ಕೆ ಮುಖ ಮಾಡ್ಕೊಂಡೇ ಒಳಕ್ಕೆ ಬತ್ತೀರಲ್ಲ."

ಅತ್ತೆ ಎಲೆಅಡಿಕೆ ಉಗಿದು, ದಡದ ಬಾಗಿಲ ಮುಂದೆ ಹೋಗಿ ಒಳಗಡೆಗೆ ಮುಖ ಮಾಡಿ ನೋಡಿದರು. "ಅದೂ ದಿಟವೇಯ" ಎಂದರು.

ಸಂಜೆಯೊಳಗೆ ಹೊಸ್ತಿಲು ಜಾಗ ಬದಲಿಸಿತು. ಈ ಸಲ ದೋಣಿ ಎಲ್ಲಿಯೂ ತಾಗದೆ ಸರ್ರನೆ ಒಳಗೆ ಬಂತು. ನನ್ನ ಅಳತೆ ಸರಿಯಿತ್ತು. ಗೆದ್ದೆ ಅನ್ನಿಸಿತು, ಕಣ್ಣಲ್ಲಿ ನೀರೂ ಬಂತು. ಅತ್ತೆ ಹೊಸ್ತಿಲಿಗೆ ಅರಿಸಿನ ಹಚ್ಚಿ, ಬಲಗಾಲಿಟ್ಟು ಒಳಗೆ ಬಂದು, ಕಂಬವನ್ನು ಅಲ್ಲಾಡಿಸಿ ನೋಡಿ, ಸೀದಾ ದೋಣಿಯಲ್ಲಿ ಕೂತರು.

"ಆಚೆ ದಡಕ್ಕೆ ಬುಡು" ಎಂದರು.

ಆಚೆ ದಡದಲ್ಲಿ ಬಟ್ಟೆ ಒಗೆಯುತ್ತಿದ್ದವಳೊಬ್ಬಳು ಅದೇನದು ನೀರೊಳಗೆ ಎಂದು ಕೂಗಿ ಕೇಳಿದಳು. ನಾನು ಬಾಯಿ ತೆರೆಯುವ ಮೊದಲೇ ಅತ್ತೆ ಎದ್ದು ನಿಂತು, ದೋಣಿ ಓಲಾಡುವುದನ್ನೂ ಲೆಕ್ಕಿಸದೆ ಕೂಗಿದರು:

"ಮನೆ ಕಣಮ್ಮಿ. ನನ್ ಸೊಸೆ ಕಟ್ಟಿರಾದು."