ಹಾಲೆಯಲ್ಲಿ ಚೆಲ್ಲಿದ ಚರಗ

ಕುಕನೂರಿನ ಗಾಳೆಪ್ಪ, ಹೊಳಿಯಮ್ಮನವರ ಮಗಳು ಸುರೇಖಾ ಮಣ್ಣಿನ ವಿಜ್ಞಾನ ಓದಲು ಜರ್ಮನಿಯ ಹಾಲೆ ನಗರಕ್ಕೆ ಹೋದದ್ದು 2018ರ ಸೆಪ್ಟೆಂಬರಿನಲ್ಲಿ, ಸರಕಾರದ ವಿದ್ಯಾರ್ಥಿವೇತನದ ಮೇಲೆ. ಅವರ ಓಣಿಯಿಂದ ಹೊರದೇಶ ಕಂಡವರು ಅವಳಿಗಿಂತ ಮೊದಲು ಯಾರೂ ಇರಲಿಲ್ಲ. ಯಾವ ಕಸ ಯಾವ ಡಬ್ಬಿಗೆ, ರವಿವಾರ ಬಟ್ಟೆ ಒಗೆಯಬಹುದೋ ಇಲ್ಲವೋ, ಎಲ್ಲದಕ್ಕೂ ಅವಳಿಗೆ ಅಂಜಿಕೆ. ಒಂದು ತಪ್ಪಾದರೂ ಊರಿಗೆ ಕಳಿಸಿಬಿಡುತ್ತಾರೆಂದು ಮನಸ್ಸಿನಲ್ಲಿ ಕುಳಿತಿತ್ತು.

ಅಷ್ಟರಲ್ಲಿ ಸೀಗಿ ಹುಣ್ಣಿಮೆ ಬಂತು. ಆ ದಿನ ನಮ್ಮ ಕಡೆ ಬೆಳೆ ಹೊತ್ತ ಹೊಲ ಬಸುರಿ ಹೆಂಗಸಿದ್ದಂತೆ. ಅಡಿಗೆಯನ್ನೆಲ್ಲ ಕಲಸಿ ಹೊಲದ ಸುತ್ತ ಚೆಲ್ಲುತ್ತಾರೆ, ಅದೇ ಚರಗ. ಭೂಮಿತಾಯಿ ಉಂಡ ಮೇಲೆ ಮನೆಯವರ ಊಟ. ಸುರೇಖಾ ಊರಿಂದ ಒಯ್ದ ಹಿಟ್ಟಿನಲ್ಲಿ ರೊಟ್ಟಿ ಬಡಿದಳು, ಕಾಳುಪಲ್ಲೆ, ಅನ್ನ, ಹೆಚ್ಚಿದ ಉಳ್ಳಾಗಡ್ಡಿ ಕಲಸಿ, ಮನೆಯ ಹಿಂದಿನ ಹುಲ್ಲಿನ ಮೇಲೆ ಯಾರೂ ಕಾಣದಂತೆ ಚೆಲ್ಲಿ ಬಂದಳು. ಹಾಲೆಗೆ ಹೋದ ಮೇಲೆ ಅವತ್ತು ಮೊದಲ ಸಲ ಹೊಟ್ಟೆ ತುಂಬ ಉಂಡಳು.

ಮರುದಿನ ಕಟ್ಟಡದ ಮುಂಬಾಗಿಲಿಗೆ ಚೀಟಿ ಅಂಟಿಸಿದ್ದರು. ಕೆಳಗಿನ ಮನೆಯ ಇರ್ಮಾ ಎಂಬ ಮುದುಕಿಯ ನಾಯಿಯ ಚಿತ್ರ. ಫೋನಿನಲ್ಲಿ ಅರ್ಥ ನೋಡಿದಳು: ಯಾರೋ ಹುಲ್ಲಿನ ಮೇಲೆ ವಿಷದ ಅನ್ನ ಎಸೆದಿದ್ದಾರೆ, ನಾಯಿ ಹಾಸಿಗೆ ಹಿಡಿದಿದೆ, ಕಂಡವರು ಪೊಲೀಸರಿಗೆ ತಿಳಿಸಿ.

ಎರಡು ದಿನ ಅವಳು ತರಗತಿಗೆ ಹೋಗಲಿಲ್ಲ. ಮೆಟ್ಟಿಲ ಮೇಲೆ ಬೂಟಿನ ಸಪ್ಪಳವಾದರೆ ದೀಪ ಆರಿಸಿ ಕೂರುತ್ತಿದ್ದಳು. ಮೂರನೆಯ ದಿನ ತಾಯಿಗೆ ಫೋನ್ ಮಾಡಿದಳು.

“ಯವ್ವಾ, ನಾಯಿ ಸತ್ರ ನನ್ನ ಹಿಡಕೊಂಡು ಹೋಗ್ತಾರ. ಓದೂ ಹೋತು.”

“ನೀ ಚೆಲ್ಲಿದ್ದು ಯಾರಾದ್ರು ನೋಡ್ಯಾರೇನು?”

“ಇಲ್ಲ.”

ಪಕ್ಕದಲ್ಲಿದ್ದ ಗಾಳೆಪ್ಪ ಬಾಯಿ ಹಾಕಿದ. “ನೋಡಿಲ್ಲಂದ್ರ ಸುಮ್ನಿರಾಕ ಹೇಳು. ಪರದೇಶದಾಗ ಬಾಯಿ ಬಿಟ್ಟಾಕಿ ಕೆಟ್ಲು.”

“ನೀವು ಸುಮ್ನ ಕುಂದರ್ರಿ. ಉಂಡಾಕಿ ಭೂಮಿತಾಯಿ ನೋಡ್ಯಾಳ,” ಎಂದಳು ಹೊಳಿಯಮ್ಮ. ಆಮೇಲೆ ಮಗಳಿಗೆ, “ಆ ಅಡಿಗಿ ಉಳದೈತೇನು?”

“ಫ್ರಿಜ್ಜಿನಾಗ ಐತಿ.”

“ಒಯ್ದು ಆ ನಾಯಿ ಸಾಕಿದಾಕಿ ಮುಂದ ಕುಂತು ಉಣ್ಣು. ವಿಷ ಅಲ್ಲಂತ ಉಂಡು ತೋರ್ಸಾಕ ಭಾಷಿ ಬೇಕೇನು?”

ಸುರೇಖಾ ಡಬ್ಬಿ ಹಿಡಿದು ಕೆಳಗಿಳಿದಳು. ಇರ್ಮಾ ಬಾಗಿಲು ತೆರೆದಾಗ ಕಲಿತಿದ್ದ ಜರ್ಮನ್ ಒಂದೂ ನೆನಪಾಗಲಿಲ್ಲ. ಹುಲ್ಲು ತೋರಿಸಿದಳು, ತನ್ನ ಎದೆ ಮುಟ್ಟಿ ತೋರಿಸಿದಳು. ಹೊಸ್ತಿಲ ಮುಂದೆಯೇ ಕುಳಿತು ತುತ್ತು ಮಾಡಿ ಉಣ್ಣತೊಡಗಿದಳು.

ಮುದುಕಿ ಬಗ್ಗಿ ಡಬ್ಬಿಯಲ್ಲಿ ಬೆರಳಾಡಿಸಿ ಉಳ್ಳಾಗಡ್ಡಿಯ ಚೂರೊಂದನ್ನು ಎತ್ತಿದಳು. ನಾಯಿಗಳಿಗೆ ಇದೇ ವಿಷ ಎಂದು ನಿಧಾನವಾಗಿ, ಇಂಗ್ಲಿಷಿನಲ್ಲಿ ಹೇಳಿದಳು. ಸುರೇಖಾಳ ಕೈ ತುತ್ತಿನಲ್ಲೇ ನಿಂತಿತು. ಹಾಗಾದರೆ ತಪ್ಪು ತನ್ನದೇ. ಇನ್ನು ಮುದುಕಿ ಪೊಲೀಸರಿಗೆ ಹೇಳುವುದೊಂದೇ ಬಾಕಿ.

ಇರ್ಮಾ ಒಳಗೆ ಹೋಗಿ ಬಂದದ್ದು ಫೋನಿನೊಂದಿಗಲ್ಲ, ನಾಯಿಯೊಂದಿಗೆ. ಬಳಲಿತ್ತು, ಆದರೆ ತನ್ನ ಕಾಲ ಮೇಲೆ ನಿಂತಿತ್ತು. ಮುದುಕಿ ಕಟ್ಟಡದ ಮುಂಬಾಗಿಲಿಗೆ ನಡೆದು ತನ್ನ ಚೀಟಿಯನ್ನು ತಾನೇ ಕಿತ್ತಳು.

ಸುರೇಖಾ ಅಲ್ಲಿಯೇ ಓದು ಮುಗಿಸಿದಳು. ಓದುತ್ತಿರುವಾಗಲೇ, ಮರುವರ್ಷದ ಸೀಗಿ ಹುಣ್ಣಿಮೆಗೆ ಅವಳು ಚರಗ ಚೆಲ್ಲಲು ಹುಲ್ಲಿಗಿಳಿದಾಗ ಕೆಳಗಿನ ಕಿಟಕಿ ತೆರೆಯಿತಂತೆ. ಊರಿಗೆ ಬಂದಾಗ ನಮ್ಮ ಕಟ್ಟೆಯ ಮೇಲೆ ಕುಳಿತು ಅದನ್ನು ಹೇಳುವಾಗ ಅವಳು ಮುದುಕಿಯನ್ನೂ ನಮ್ಮ ಮಾತಿನಲ್ಲೇ ಆಡಿಸಿದಳು:

“ಏ ಹುಡುಗಿ, ಉಳ್ಳಾಗಡ್ಡಿ ಹಾಕಿಲ್ಲ ಹೌದಿಲ್ಲೋ?”